ಹಳೆಯ ಮೋಟಾರ್ ಸೈಕಲ್ ಕೊಳ್ಳುವ ಮುನ್ನ

ಕಾಫಿ ಕುಯ್ಲು ಮುಗಿದು, ಅಡಿಕೆ ಮಂಡಿಯ ಲೆಕ್ಕ ಚುಕ್ತಾ ಆಗಿ, ಕೈಯಲ್ಲಿ ನಾಲ್ಕು ಕಾಸು ಉಳಿದ ದಿನಗಳಲ್ಲಿ ನಮ್ಮ ಸದಸ್ಯರ ಮನೆಗಳಲ್ಲಿ ಒಂದು ಮಾತು ತಪ್ಪದೆ ಏಳುತ್ತದೆ: ಮನೆಗೊಂದು ಬೈಕು ಬೇಕು. ಬೇಕೆನ್ನುವುದರಲ್ಲಿ ತಪ್ಪೇನೂ ಇಲ್ಲ. ಬಸ್ಸು ಬರುವ ರಸ್ತೆಗೆ ಎರಡು ಮೂರು ಮೈಲಿ ನಡೆಯಬೇಕಾದ ಒಂಟಿ ಮನೆಗಳು ನಮ್ಮಲ್ಲಿ ಇಂದಿಗೂ ಎಷ್ಟೋ ಇವೆ. ಹೊಸ ಗಾಡಿಯ ಬೆಲೆ ಕೇಳಿದರೆ ಸಣ್ಣ ಬೆಳೆಗಾರ ಹಿಂದೆ ಸರಿಯುತ್ತಾನೆ. ಆದ್ದರಿಂದ ಮನೆಯ ಮೊದಲ ಬೈಕು ಬಹುಪಾಲು ಸೆಕೆಂಡ್ ಹ್ಯಾಂಡ್ ಗಾಡಿಯೇ ಆಗಿರುತ್ತದೆ.

ಹಳೆಯದನ್ನು ಕೊಳ್ಳಬಾರದೆಂದು ನಾವು ಹೇಳುವುದಿಲ್ಲ. ಹೇಳಬೇಕಾದುದು ಇಷ್ಟೇ. ಸಂತೆಯಲ್ಲಿ ಹೋರಿಯ ಕೋಡಿಗೆ ಬಣ್ಣ ಬಳಿದಂತೆ ಹಳೆಯ ಬೈಕಿಗೂ ಬಣ್ಣ ಬಳಿಯುತ್ತಾರೆ. ಕೊಳ್ಳುವವರು ಅದರ ಹೊಳಪು ನೋಡಿ, ಇಂಜಿನ್ನಿನ ಸದ್ದು ಕೇಳಿ ಮರುಳಾಗುತ್ತಾರೆ. ಆದರೆ ಕೆಟ್ಟ ಇಂಜಿನ್ನನ್ನು ದುಡ್ಡು ಕೊಟ್ಟರೆ ಸರಿಮಾಡಬಹುದು. ಕೆಟ್ಟ ಕಾಗದಪತ್ರವನ್ನೂ ಬಗ್ಗಿದ ಚಾಸಿಸ್ಸನ್ನೂ ಸುಲಭವಾಗಿ ಸರಿಮಾಡಲಾಗದು. ಕೆಟ್ಟ ಬ್ರೇಕು ಸರಿಮಾಡಿಸುವಷ್ಟು ಸಮಯವನ್ನೇ ಕೊಡದಿರಬಹುದು. ಆದ್ದರಿಂದ ನೋಡಬೇಕಾದ ಕ್ರಮವೆಂದರೆ ಮೊದಲು ಕಾಗದ, ಆಮೇಲೆ ಚಾಸಿಸ್, ಆಮೇಲೆ ಬ್ರೇಕು ಮತ್ತು ಚಕ್ರ, ಇಂಜಿನ್ ಕೊನೆಗೆ. ಬಣ್ಣ ಲೆಕ್ಕಕ್ಕೇ ಇಲ್ಲ.

ಯಾವ ಕೆಲಸಕ್ಕೆ, ಯಾರಿಗೆ?

ಗಾಡಿ ಹುಡುಕುವ ಮೊದಲು ಮನೆಯವರೆಲ್ಲ ಕುಳಿತು ಎರಡು ಪ್ರಶ್ನೆ ಕೇಳಿಕೊಳ್ಳಬೇಕು. ಇದನ್ನು ಓಡಿಸುವವರು ಯಾರು? ಯಾವ ದಾರಿಯಲ್ಲಿ?

ಓಡಿಸುವವರು ಹೊಸಬರಾದರೆ, ಅದು ಮಗನಾಗಲಿ, ಮಗಳಾಗಲಿ, ಐವತ್ತು ದಾಟಿದ ಯಜಮಾನರೇ ಆಗಲಿ, ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರಬೇಕು. ಇಳಿಜಾರಿನ ತೋಟದ ರಸ್ತೆಯಲ್ಲಿ, ಪಾಚಿ ಕಟ್ಟಿದ ಕಲ್ಲಿನ ಮೇಲೆ ಗಾಡಿ ವಾಲಿದರೆ ಅದನ್ನು ತಡೆಯುವುದು ಓಡಿಸುವವರ ಕಾಲೇ ಹೊರತು ಇಂಜಿನ್ನಿನ ಶಕ್ತಿಯಲ್ಲ. ಹೀರೋ ಹೋಂಡಾ ಸ್ಪ್ಲೆಂಡರ್‌ನಂಥ 100 ಸಿ.ಸಿ. ಗಾಡಿಯ ತೂಕ ಸುಮಾರು 110 ಕಿಲೋ. ಹಳೆಯ ಬುಲೆಟ್ 160 ಕಿಲೋ ಮೀರುತ್ತದೆ. ಈ ಐವತ್ತು ಕಿಲೋ ಎಂದರೆ ಒಂದು ಮೂಟೆ ಗೊಬ್ಬರ. ಒಮ್ಮೆ ಎತ್ತಿ ನೋಡಿದವರಿಗೆ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಸರಳ ನಿಯಮವಿದೆ. ನಿಮ್ಮ ಊರಿಗೆ ಹತ್ತಿರದ ಪೇಟೆಯ ಮೆಕ್ಯಾನಿಕ್ಕು ಯಾವ ಗಾಡಿಯನ್ನು ಕಣ್ಣು ಮುಚ್ಚಿ ಬಿಚ್ಚಿ ಜೋಡಿಸಬಲ್ಲನೋ, ಯಾವುದರ ಬ್ರೇಕ್ ಶೂ, ಕ್ಲಚ್ ಕೇಬಲ್ಲುಗಳು ಪಕ್ಕದ ಅಂಗಡಿಯಲ್ಲೇ ತೂಗುಹಾಕಿರುತ್ತವೋ ಅದೇ ನಿಮಗೆ ತಕ್ಕ ಗಾಡಿ. ಬಿಡಿಭಾಗಕ್ಕೆ ಬೆಂಗಳೂರಿಗೆ ಹೋಗಬೇಕಾದ ಬೈಕು ಎಷ್ಟೇ ಅಗ್ಗವಾಗಿ ಸಿಕ್ಕರೂ ದುಬಾರಿಯೇ.

ಹೆಸರಾಂತ ಹಳೆಯ ಗಾಡಿಗಳು

ಹಳೆಯ ಬೈಕೆಂದರೆ ಹಲವರ ಮನಸ್ಸು ಜಾವಾ, ಯೆಜ್ಡಿ, ಆರ್.ಎಕ್ಸ್. 100, ಬುಲೆಟ್‌ಗಳ ಕಡೆಗೆ ಓಡುತ್ತದೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಜಾವಾ, 1970ರ ದಶಕದಿಂದ ಯೆಜ್ಡಿ ಗಾಡಿಗಳು ಹೊರಬಂದವು. ಮಲೆನಾಡಿನ ಎಷ್ಟೋ ತೋಟಗಳ ಮೊದಲ ಮೋಟಾರ್ ವಾಹನ ಇವೇ. ಆ ಕಾರ್ಖಾನೆ 1996ರಲ್ಲಿ ಮುಚ್ಚಿತು. ಯಮಹಾ ಆರ್.ಎಕ್ಸ್. 100 ತಯಾರಾದುದು 1985ರಿಂದ 1996ರವರೆಗೆ. ಈ ಗಾಡಿಗಳ ಮೇಲಿನ ಪ್ರೀತಿ ಇಂದಿಗೂ ಇಳಿದಿಲ್ಲ. ಪ್ರೀತಿ ಇರುವಲ್ಲಿ ಬೆಲೆಯೂ ಇಳಿಯುವುದಿಲ್ಲ. 2018ರಿಂದ ಜಾವಾ ಹೆಸರಿನಲ್ಲಿ ಬರುತ್ತಿರುವ ಗಾಡಿಗಳು ಬೇರೆಯವು. ಅವು ಫೋರ್ ಸ್ಟ್ರೋಕ್. ಅವುಗಳ ಇಂಜಿನ್ ಭಾಗ ಹಳೆಯದಕ್ಕೆ ಹೊಂದುವುದಿಲ್ಲ.

ಇವುಗಳ ಗುಣವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಹೊಸಬರ ಮೊದಲ ಗಾಡಿಯಾಗಿ ಇವು ಬೇಡ ಎನ್ನುವುದಕ್ಕೆ ಕಾರಣಗಳಿವೆ.

ಮೊದಲನೆಯದು ಘಾಟಿಯ ಇಳಿಜಾರು. ಫೋರ್ ಸ್ಟ್ರೋಕ್ ಗಾಡಿಯನ್ನು ಎರಡನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತ ಇಳಿಸುತ್ತದೆ; ಬ್ರೇಕಿನ ಭಾರ ಅರ್ಧ ಕಡಿಮೆಯಾದಂತೆ. ಜಾವಾ, ಯೆಜ್ಡಿ, ಆರ್.ಎಕ್ಸ್. 100 ಇವೆಲ್ಲ ಟೂ ಸ್ಟ್ರೋಕ್. ಅವುಗಳ ಇಂಜಿನ್ನಿಗೆ ಹೀಗೆ ಹಿಡಿದು ನಿಲ್ಲಿಸುವ ಶಕ್ತಿ ಬಹಳ ಕಡಿಮೆ. ಚಾರ್ಮಾಡಿಯಂಥ ಘಾಟಿಯಲ್ಲಿ ಇಡೀ ಭಾರ ಬ್ರೇಕಿನ ಮೇಲೇ ಬೀಳುತ್ತದೆ. ಡ್ರಮ್ ಬ್ರೇಕು ಒಂದೇ ಸಮನೆ ಉಜ್ಜಿ ಕಾದರೆ ಹಿಡಿತ ಕಳೆದುಕೊಳ್ಳುತ್ತದೆ. ಇದಲ್ಲದೆ ಟೂ ಸ್ಟ್ರೋಕಿನಲ್ಲಿ ಪೆಟ್ರೋಲಿನ ಜೊತೆಗೇ ಎಣ್ಣೆಯೂ ಪಿಸ್ಟನ್ನಿಗೆ ಹೋಗಬೇಕು. ಆಕ್ಸಿಲರೇಟರ್ ಮುಚ್ಚಿ ಬಹುದೂರ ಇಳಿದರೆ ಎಣ್ಣೆ ಸಾಲದೆ ಪಿಸ್ಟನ್ ಹಿಡಿದುಕೊಳ್ಳುವ ಅಪಾಯವಿದೆ.

ಎರಡನೆಯದು ಕಾಲಿನ ಅಭ್ಯಾಸ. ಹಳೆಯ ಬುಲೆಟ್ಟಿನ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ಗಾಡಿಗಳಲ್ಲಿ ಇದು ತಿರುಗುಮುರುಗು. ಜಾವಾ, ಯೆಜ್ಡಿಗಳಲ್ಲಿ ಕಿಕ್ಕರೂ ಗೇರೂ ಒಂದೇ ಲಿವರು. ಮನೆಯಲ್ಲಿ ಒಂದು ಬಗೆ, ನೆಂಟರ ಗಾಡಿಯಲ್ಲಿ ಇನ್ನೊಂದು ಬಗೆ ಕಲಿತ ಹೊಸಬರ ಮುಂದೆ ತಿರುವಿನಲ್ಲಿ ದನ ಅಡ್ಡ ಬಂದರೆ, ಬುದ್ಧಿ ಬ್ರೇಕು ಎನ್ನುವಷ್ಟರಲ್ಲಿ ಕಾಲು ಗೇರನ್ನು ಒತ್ತಿರುತ್ತದೆ.

ಇವಕ್ಕೆ ಹೋಲಿಸಿದರೆ 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100, 1994ರಲ್ಲಿ ಬಂದ ಸ್ಪ್ಲೆಂಡರ್ ಮತ್ತು ಅದೇ ಜಾತಿಯ ಬಜಾಜ್, ಟಿ.ವಿ.ಎಸ್. ಕಂಪನಿಗಳ 100 ಸಿ.ಸಿ. ಫೋರ್ ಸ್ಟ್ರೋಕ್ ಗಾಡಿಗಳು ಹಗುರ, ಪೆಟ್ರೋಲು ಕಡಿಮೆ, ಬಿಡಿಭಾಗ ಪ್ರತಿ ಪೇಟೆಯಲ್ಲೂ ಲಭ್ಯ. ಹೀರೋ ಮತ್ತು ಹೋಂಡಾ 2011ರ ಹೊತ್ತಿಗೆ ಬೇರೆಯಾದರೂ ಹಳೆಯ ಸ್ಪ್ಲೆಂಡರಿಗೆ ಸಾಮಾನಿನ ಕೊರತೆ ಬಂದಿಲ್ಲ. ನೋಡಲು ಸಪ್ಪೆ ಎನ್ನುವವರು ಎನ್ನಲಿ.

ಕೈಯಲ್ಲಿ ಇನ್ನೂ ಸ್ವಲ್ಪ ಹಣವಿದ್ದರೆ 2019ರ ಏಪ್ರಿಲ್ ನಂತರದ ಗಾಡಿ ಹುಡುಕುವುದು ಲೇಸು. ಅಂದಿನಿಂದ 125 ಸಿ.ಸಿ.ವರೆಗಿನ ಹೊಸ ಗಾಡಿಗಳಿಗೆ ಎರಡೂ ಚಕ್ರದ ಬ್ರೇಕು ಒಟ್ಟಿಗೆ ಹಿಡಿಯುವ ಜೋಡಿ ಬ್ರೇಕಾದರೂ, ಅದಕ್ಕಿಂತ ದೊಡ್ಡವಕ್ಕೆ ಚಕ್ರ ಹಿಡಿದು ಜಾರದಂತೆ ತಡೆಯುವ ಎ.ಬಿ.ಎಸ್. ವ್ಯವಸ್ಥೆಯೂ ಕಡ್ಡಾಯವಾಯಿತು. ಮಳೆಗಾಲದ ರಸ್ತೆಯಲ್ಲಿ ಕಲಿಯುವವರಿಗೆ ಇದು ಸಣ್ಣ ಸಹಾಯವಲ್ಲ.

ಮೊದಲು ಕಾಗದಪತ್ರ

ತೋಟ ಕೊಳ್ಳುವಾಗ ನಾವು ಮರ ಎಣಿಸುವುದಕ್ಕೆ ಮೊದಲು ಪಹಣಿ ನೋಡುತ್ತೇವೆ. ಬೈಕಿನ ಪಹಣಿ ಎಂದರೆ ಆರ್.ಸಿ. ಅದರ ಜೆರಾಕ್ಸ್ ನೋಡಿ ಮುಂಗಡ ಕೊಡಬಾರದು, ಮೂಲ ಆರ್.ಸಿ.ಯೇ ಬೇಕು. ಅದರಲ್ಲಿರುವ ಚಾಸಿಸ್ ನಂಬರು, ಇಂಜಿನ್ ನಂಬರುಗಳನ್ನು ಗಾಡಿಯ ಮೇಲಿನವುಗಳೊಂದಿಗೆ ಒಂದೊಂದೇ ಅಕ್ಷರವಾಗಿ ಹೋಲಿಸಿ ನೋಡಬೇಕು. ನಂಬರಿನ ಜಾಗದಲ್ಲಿ ಉಜ್ಜಿದ, ಮತ್ತೆ ಕೆತ್ತಿದ ಗುರುತಿದ್ದರೆ ಬೆಲೆಯ ಮಾತೇ ಬೇಡ, ಎದ್ದು ಬನ್ನಿ.

ಸ್ವಂತ ಬಳಕೆಯ ಗಾಡಿಯ ನೋಂದಣಿಗೆ 15 ವರ್ಷದ ಅವಧಿ. ಅದು ಮುಗಿದ ಮೇಲೆ ಆರ್.ಟಿ.ಒ. ಕಛೇರಿಯಲ್ಲಿ ಗಾಡಿ ತೋರಿಸಿ ಐದೈದು ವರ್ಷಕ್ಕೆ ನವೀಕರಿಸಿಕೊಳ್ಳಬೇಕು. ಈ ನವೀಕರಣದ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 300 ರೂಪಾಯಿಯಿಂದ 1,000 ರೂಪಾಯಿಗೆ ಏರಿಸಲಾಯಿತು. 20 ವರ್ಷ ಮೀರಿದ ಗಾಡಿಗಳಿಗೆ 2025ರಲ್ಲಿ ಮತ್ತೆ ಏರಿತು. ಹಸಿರು ತೆರಿಗೆ ಬೇರೆ. ಅವಧಿ ಮುಗಿದ ಗಾಡಿ ಅಗ್ಗಕ್ಕೆ ಸಿಗುವುದು ಇದೇ ಕಾರಣಕ್ಕೆ. ನವೀಕರಣ ಮಾಡಿಸಿಕೊಟ್ಟರೆ ಮಾತ್ರ ಕೊಳ್ಳುತ್ತೇವೆ ಎಂದು ಮಾರುವವರಿಗೆ ಖಡಾಖಂಡಿತವಾಗಿ ಹೇಳಿ.

ಆರ್.ಸಿ.ಯಲ್ಲಿ ಬ್ಯಾಂಕಿನ ಅಥವಾ ಫೈನಾನ್ಸಿನ ಹೆಸರಿದ್ದರೆ ಸಾಲ ತೀರಿದ ಪತ್ರವನ್ನೂ 35ನೇ ನಮೂನೆಯನ್ನೂ ಕೇಳಿ ಪಡೆಯಬೇಕು. ಕೇರಳ ಅಥವಾ ತಮಿಳುನಾಡಿನ ನೋಂದಣಿಯ ಗಾಡಿ ಗಡಿ ತಾಲ್ಲೂಕುಗಳಲ್ಲಿ ಸಿಗುವುದುಂಟು. ಅದಕ್ಕೆ ಅಲ್ಲಿನ ಕಛೇರಿಯ ಆಕ್ಷೇಪಣೆ ಇಲ್ಲವೆಂಬ ಪತ್ರ ಬೇಕು, ಇಲ್ಲಿ ಜೀವಾವಧಿ ತೆರಿಗೆ ಮತ್ತೆ ಕಟ್ಟಬೇಕು. ಅಗ್ಗವೆಂದು ತಂದದ್ದು ಅಲ್ಲಿಗೆ ಅಗ್ಗವಾಗಿ ಉಳಿಯುವುದಿಲ್ಲ. ಆರ್.ಸಿ.ಯಲ್ಲಿರುವ ಮಾಲೀಕರು ತೀರಿಕೊಂಡಿದ್ದರೆ ಗಾಡಿ ಮೊದಲು ವಾರಸುದಾರರ ಹೆಸರಿಗೆ ಆಗಬೇಕು, ಆಮೇಲೆ ವ್ಯಾಪಾರ.

2019ರ ಏಪ್ರಿಲ್ 1ಕ್ಕೆ ಮೊದಲು ನೋಂದಣಿಯಾದ ಗಾಡಿಗಳಿಗೂ ಹೊಸ ಬಗೆಯ ಭದ್ರತೆಯ ನಂಬರ್ ಪ್ಲೇಟು ಹಾಕಿಸಬೇಕೆಂದು ನಮ್ಮ ರಾಜ್ಯದಲ್ಲಿ 2023ರಲ್ಲಿ ಆದೇಶವಾಗಿದೆ. ಅದು ಇದೆಯೇ ನೋಡಿ. ವಿಮೆ ಚಾಲ್ತಿಯಲ್ಲಿದೆಯೇ, ದಂಡದ ಬಾಕಿ ಇದೆಯೇ ಎಂಬುದನ್ನು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಮನೆಯ ಮಕ್ಕಳು ಹತ್ತು ನಿಮಿಷದಲ್ಲಿ ತೆಗೆದುಕೊಡುತ್ತಾರೆ.

ಮಾರುವ ಸದಸ್ಯರಿಗೂ ಒಂದು ಮಾತು

ನಮ್ಮಲ್ಲಿ ಕೊಳ್ಳುವವರಷ್ಟೇ ಮಾರುವವರೂ ಇದ್ದಾರೆ. ಪರಿಚಯದವರಿಗೆ ಕೀಲಿ ಕೊಟ್ಟು, ದುಡ್ಡು ಎಣಿಸಿಕೊಂಡು, "ಹೆಸರು ನಿಧಾನಕ್ಕೆ ಬದಲಾಯಿಸಿಕೊಳ್ಳಿ" ಎಂದು ಬಿಡುವ ರೂಢಿ ಹಳ್ಳಿಗಳಲ್ಲಿ ಬೇರೂರಿದೆ. ಈ ದಾಕ್ಷಿಣ್ಯ ತೋಟಕ್ಕೇ ಕುತ್ತು ತರಬಲ್ಲದು.

ಕಾನೂನಿನ ಪ್ರಕಾರ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನದೊಳಗೆ ಆರ್.ಟಿ.ಒ. ಕಛೇರಿಗೆ ತಿಳಿಸಬೇಕು, ಕೊಂಡವರು 30 ದಿನದೊಳಗೆ ವರ್ಗಾವಣೆಗೆ ಅರ್ಜಿ ಹಾಕಬೇಕು. 29 ಮತ್ತು 30ನೇ ನಮೂನೆಗಳು ಇದಕ್ಕಾಗಿಯೇ ಇವೆ. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಒಂದು ಮೊಕದ್ದಮೆಯಲ್ಲಿ ಇದನ್ನು ಸಂಶಯಕ್ಕೆಡೆಯಿಲ್ಲದಂತೆ ತೀರ್ಮಾನಿಸಿತು. ಅಲ್ಲಿ ವಾಹನ ಒಬ್ಬರಿಂದೊಬ್ಬರಿಗೆ ಹಲವು ಕೈ ದಾಟಿತ್ತು, ಆರ್.ಸಿ.ಯಲ್ಲಿ ಮಾತ್ರ ಮೊದಲಿನವರ ಹೆಸರೇ ಇತ್ತು. ಅಪಘಾತದ ಪರಿಹಾರಕ್ಕೆ ಹೊಣೆ ಯಾರೆಂದರೆ ಆರ್.ಸಿ.ಯಲ್ಲಿ ಹೆಸರಿರುವ ಮಾಲೀಕರೇ ಎಂದು ನ್ಯಾಯಾಲಯ ಹೇಳಿತು. ಗಾಡಿ ಮಾರಿ ವರ್ಷಗಳಾಗಿದ್ದರೂ, ವಿಮೆ ಇಲ್ಲದ ಆ ಗಾಡಿಯಿಂದ ಒಬ್ಬರ ಪ್ರಾಣ ಹೋದರೆ, ಪರಿಹಾರದ ನೋಟೀಸು ನಿಮ್ಮ ಮನೆಗೆ ಬರುತ್ತದೆ. ಅಪಘಾತದ ಪರಿಹಾರವೆಂದರೆ ಲಕ್ಷಗಳ ಮಾತು. ಒಂದೆರಡು ಎಕರೆ ಇರುವವರು ಅದನ್ನು ಯಾವ ಬೆಳೆಯಿಂದ ತೀರಿಸುವುದು?

ಆದ್ದರಿಂದ ಕೊಳ್ಳುವವರೂ ಮಾರುವವರೂ ಒಟ್ಟಿಗೆ ಆರ್.ಟಿ.ಒ. ಕಛೇರಿಗೆ ಹೋಗಿ ಕೆಲಸ ಮುಗಿಸಿದ ಮೇಲೆಯೇ ಪೂರ್ತಿ ಹಣ ಮತ್ತು ಕೀಲಿ ಕೈ ಬದಲಾಗಲಿ. ಅದರ ಜೊತೆಗೇ ವಿಮೆಯನ್ನೂ ಹೆಸರಿಗೆ ಮಾಡಿಸಿಕೊಳ್ಳಬೇಕು. ಇದರಲ್ಲಿ ಅಪನಂಬಿಕೆಯ ಪ್ರಶ್ನೆಯಿಲ್ಲ. ಇದು ಇಬ್ಬರಿಗೂ ಬೇಲಿ.

ಗಾಡಿಯ ಪರೀಕ್ಷೆ

ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಕತ್ತಿಯ ಅಲಗನ್ನು ಅದ್ದುವುದು ನಮಗೆಲ್ಲ ಗೊತ್ತು. ಕಬ್ಬಿಣದ ಮೇಲೆ ಕೆಂಪು ಕಟ್ಟಿದರೆ ಸುಣ್ಣ ಸಾಲದು. ಆ ಮೈಲುತುತ್ತದ ನೀರು ಕತ್ತಿಗೆ ಮಾಡುವುದನ್ನೇ ಬೈಕಿನ ಚಾಸಿಸ್ಸಿಗೂ ಮಾಡುತ್ತದೆ. ತೋಟದಲ್ಲಿ ಔಷಧಿಯ ಕ್ಯಾನು, ಪೊಟ್ಯಾಷ್ ಮೂಟೆ ಹೊತ್ತ ಗಾಡಿಗಳ ಹಿಂಭಾಗ ಒಳಗಿಂದಲೇ ತುಕ್ಕು ಹಿಡಿದಿರಬಹುದು. ಕಾಂಡಕೊರಕ ಹೊಕ್ಕ ಅರೇಬಿಕ ಗಿಡ ಹೊರಗೆ ಹಸಿರಾಗಿಯೇ ಕಾಣುತ್ತದಲ್ಲವೇ? ಹಾಗೆಯೇ ಇದು. ಸೀಟು ಬಿಚ್ಚಿಸಿ, ಕ್ಯಾರಿಯರ್ ಕೂಡುವ ಜಾಗ, ಬ್ಯಾಟರಿ ಕೂರುವ ತಟ್ಟೆ, ಸ್ಟ್ಯಾಂಡು ಕೂಡುವ ಜಾಗ, ಬೆಸುಗೆಗಳು ಇವನ್ನು ಸ್ಕ್ರೂ ಡ್ರೈವರಿನಿಂದ ಮೆಲ್ಲಗೆ ಕುಟ್ಟಿ ನೋಡಿ. ಗಟ್ಟಿ ಸದ್ದು ಬರಬೇಕು, ಪದರ ಉದುರಬಾರದು. ಅಲ್ಲಿ ಮಾತ್ರ ಹೊಸ ಬಣ್ಣವಿದ್ದರೆ ಏಕೆಂದು ಕೇಳಿ.

ಗಾಡಿಯ ಹಿಂದೆ ಹತ್ತು ಹೆಜ್ಜೆ ದೂರ ಕುಳಿತು ನೋಡಿದರೆ ಎರಡು ಚಕ್ರಗಳೂ ಒಂದೇ ಗೆರೆಯಲ್ಲಿರಬೇಕು. ಹ್ಯಾಂಡಲ್ ನೇರ ಹಿಡಿದಾಗ ಮುಂದಿನ ಚಕ್ರ ಓರೆಯಾದರೆ ಬಿದ್ದ ಗಾಡಿ. ಸೆಂಟರ್ ಸ್ಟ್ಯಾಂಡ್ ಹಾಕಿ ಮುಂದಿನ ಚಕ್ರ ಎತ್ತಿಸಿ ಹ್ಯಾಂಡಲನ್ನು ನಿಧಾನವಾಗಿ ಆಚೀಚೆ ತಿರುಗಿಸಿ. ನಡುವೆ ಕಚ್ಚಿ ಹಿಡಿದಂತಾದರೆ ಕೋನ್ ಸೆಟ್ ಹೋಗಿದೆ. ಹಿಂದಿನ ಚಕ್ರವನ್ನು ಅಡ್ಡಕ್ಕೆ ಅಲ್ಲಾಡಿಸಿ. ಆಡಿದರೆ ಬುಷ್ ಅಥವಾ ಬೇರಿಂಗ್ ಸವೆದಿದೆ. ಮುಂದಿನ ಫೋರ್ಕಿನ ಮೇಲೆ ಎಣ್ಣೆ ಸೋರಿದ ಗುರುತಿದ್ದರೆ ಸೀಲು ಹೋಗಿದೆ. ಚಕ್ರ ತಿರುಗಿಸಿ ಕಡ್ಡಿಗಳನ್ನು ಒಂದೊಂದಾಗಿ ತಟ್ಟಿದರೆ ಸಡಿಲವಾದದ್ದು ಬೇರೆ ಸದ್ದು ಕೊಡುತ್ತದೆ.

ಟಯರಿನ ಪಕ್ಕದಲ್ಲಿ ನಾಲ್ಕು ಅಂಕಿ ಒತ್ತಿರುತ್ತದೆ. 2319 ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು. ಹಲ್ಲು ಎಷ್ಟೇ ಉಳಿದಿದ್ದರೂ ಆರೇಳು ವರ್ಷ ದಾಟಿದ ಟಯರಿನ ರಬ್ಬರು ಗಟ್ಟಿಯಾಗಿ, ಒದ್ದೆ ರಸ್ತೆಯಲ್ಲಿ ಜಾರುತ್ತದೆ. ಬ್ರೇಕ್ ಹಿಡಿದಾಗ ಡ್ರಮ್ಮಿನ ಹೊರಗಿನ ಲಿವರು ಕೊನೆಯವರೆಗೆ ತಿರುಗಿದರೆ ಶೂ ಮುಗಿದಿದೆ.

ಇಂಜಿನ್ನಿನ ಸರದಿ ಇನ್ನು. ಬೆಳಿಗ್ಗೆ ಮುಂಚೆ ಹೋಗಿ ಇಂಜಿನ್ ಮುಟ್ಟಿ ನೋಡಿ, ತಣ್ಣಗಿರಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನನ್ನೋ ಮುಚ್ಚಿಡುತ್ತಿದ್ದಾರೆ ಎಂದು ಸಂಶಯ ಪಡಬಹುದು. ಎರಡು ಮೂರು ಕಿಕ್ಕಿಗೆ ಸ್ಟಾರ್ಟ್ ಆಗಿ, ಐದು ನಿಮಿಷದ ಮೇಲೆ ತಾನಾಗಿ ನಿಧಾನವಾಗಿ ಓಡುತ್ತಿರಬೇಕು. ಫೋರ್ ಸ್ಟ್ರೋಕ್ ಗಾಡಿಯಲ್ಲಿ ನೀಲಿ ಹೊಗೆ ನಿಲ್ಲದೆ ಬಂದರೆ ಇಂಜಿನ್ ಎಣ್ಣೆ ಸುಡುತ್ತಿದೆ. ರಿಂಗು, ಬೋರು ಅಥವಾ ವಾಲ್ವಿನ ಕೆಲಸವಿದೆ. ಕಪ್ಪು ಹೊಗೆಯಾದರೆ ಪೆಟ್ರೋಲು ಹೆಚ್ಚು ಹೋಗುತ್ತಿದೆ. ಇದು ಸಣ್ಣ ಕೆಲಸ. ಚಳಿಯಲ್ಲಿ ಮೊದಲು ಸ್ವಲ್ಪ ಬಿಳಿ ಆವಿ ಬರುವುದು ಸಹಜ. ಮೀಟರಿನಲ್ಲಿ ತೋರುವ ಕಿಲೋಮೀಟರನ್ನು ನಂಬಬೇಡಿ. ಅದನ್ನು ತಿರುಗಿಸುವುದು ಕಷ್ಟವಲ್ಲ. ಸವೆದ ಫುಟ್‌ರೆಸ್ಟಿನ ರಬ್ಬರು ನಿಜ ಹೇಳುತ್ತದೆ.

ಮಾರುವವರ ಸ್ನೇಹಿತನಲ್ಲದ ಮೆಕ್ಯಾನಿಕ್ಕೊಬ್ಬನನ್ನು ಜೊತೆಗೆ ಕರೆದೊಯ್ದು ಅವನ ಅರ್ಧ ದಿನದ ಕೂಲಿ ಕೊಡಿ. ಇಡೀ ವ್ಯವಹಾರದಲ್ಲಿ ಅದಕ್ಕಿಂತ ಸಾರ್ಥಕವಾದ ಖರ್ಚು ಬೇರೆ ಇಲ್ಲ.

ಬೆಲೆಯ ಎರಡನೆಯ ಕಂತು

ಹಳೆಯ ಬೈಕಿಗೆ ಎರಡು ಕಂತು. ಮೊದಲನೆಯದು ಮಾರುವವರಿಗೆ, ಎರಡನೆಯದು ಗಾಡಿಗೆ. ಕೈಯಲ್ಲಿರುವ ಹಣವನ್ನೆಲ್ಲ ಮೊದಲನೆಯ ಕಂತಿಗೇ ಸುರಿದು, ಸವೆದ ಟಯರಿನಲ್ಲೇ ಮಗನನ್ನು ಕಾಲೇಜಿಗೆ ಕಳಿಸುವುದು ಉಳಿತಾಯವಲ್ಲ. ನಮ್ಮ ಸಲಹೆ ಇದು. ಒಟ್ಟು ಹಣದಲ್ಲಿ ಮೂರರಲ್ಲಿ ಒಂದು ಪಾಲನ್ನು ಮೊದಲೇ ತೆಗೆದಿಡಿ. ಉಳಿದ ಎರಡು ಪಾಲಿಗೆ ಸಿಗುವ ಗಾಡಿಯನ್ನು ಮಾತ್ರ ನೋಡಿ.

ಆ ಒಂದು ಪಾಲಿನಲ್ಲಿ ಮೊದಲು ಎರಡೂ ಬ್ರೇಕಿನ ಶೂ ಮತ್ತು ಕೇಬಲ್ಲು, ಆಮೇಲೆ ಟಯರು, ಚೈನ್ ಸ್ಪ್ರಾಕೆಟ್, ದೀಪ ಮತ್ತು ಹಾರನ್, ಇಂಜಿನ್ ಎಣ್ಣೆ. ವಿಮೆ ಮತ್ತು ಹೆಸರು ಬದಲಾವಣೆಯ ಖರ್ಚೂ ಇದರಲ್ಲೇ. ಐ.ಎಸ್.ಐ. ಗುರುತಿನ ಎರಡು ಹೆಲ್ಮೆಟ್ ಇದೇ ಪಾಲಿನಲ್ಲಿ ಬರಬೇಕು. ಹಿಂದೆ ಕೂರುವವರ ತಲೆಯೂ ತಲೆಯೇ.

ಓಡಿಸುವವರಿಗೆ ಲೈಸೆನ್ಸ್ ಇಲ್ಲದೆ ಗಾಡಿ ಮನೆಯ ಅಂಗಳ ದಾಟಬಾರದು. ಗೇರಿನ ಬೈಕಿಗೆ 18 ವರ್ಷ ತುಂಬಿರಬೇಕು. ಕಲಿಕೆಯ ಲೈಸೆನ್ಸ್ ಪಡೆದು 30 ದಿನವಾದ ಮೇಲೆ ಪರೀಕ್ಷೆಗೆ ಹೋಗಬಹುದು. ಲೈಸೆನ್ಸ್ ಇಲ್ಲದವರು ಅಪಘಾತ ಮಾಡಿದರೆ, ವಿಮಾ ಕಂಪನಿ ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡಬಹುದು.

ಮಳೆಗಾಲ ಮತ್ತು ಈಗಿನ ಪೆಟ್ರೋಲು

2023ರಿಂದ ಬಂಕುಗಳಿಗೆ ಶೇಕಡಾ 20ರಷ್ಟು ಎಥನಾಲ್ ಬೆರೆತ ಪೆಟ್ರೋಲು ಬರತೊಡಗಿ, 2025ರ ಹೊತ್ತಿಗೆ ದೇಶದ ಎಲ್ಲೆಡೆ ಹರಡಿತು. ಎಥನಾಲಿಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ಆಷಾಢದ ಜಡಿಮಳೆಯಲ್ಲಿ ತಿಂಗಳುಗಟ್ಟಲೆ ನಿಂತ ಗಾಡಿಯ ಟ್ಯಾಂಕಿನಲ್ಲಿ ನೀರು ತಳಕ್ಕೆ ಇಳಿದು ಒಳಗೆ ತುಕ್ಕು ಹಿಡಿಯುತ್ತದೆ. ಹಳೆಯ ಗಾಡಿಯ ರಬ್ಬರ್ ಪೈಪು, ಕಾರ್ಬುರೇಟರಿನ ವಾಷರುಗಳು ಇಂಥ ಪೆಟ್ರೋಲಿಗೆಂದು ಮಾಡಿದವಲ್ಲ. ಅವು ಉಬ್ಬಿ ಸೋರಬಹುದು. ಆದ್ದರಿಂದ ಕೊಳ್ಳುವಾಗ ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ನೋಡಿ, ಪೆಟ್ರೋಲ್ ಪೈಪನ್ನು ಹೊಸದು ಹಾಕಿಸಿ. ಮಳೆಗಾಲದಲ್ಲಿ ವಾರಕ್ಕೊಮ್ಮೆಯಾದರೂ ಗಾಡಿ ಓಡಿಸಿ. ಬಹುದಿನ ನಿಲ್ಲಿಸುವುದಾದರೆ ಪೆಟ್ರೋಲ್ ಕಾಕ್ ಮುಚ್ಚಿ ಕಾರ್ಬುರೇಟರನ್ನು ಖಾಲಿ ಮಾಡಿಡಿ. ಹಳ್ಳ ದಾಟಿದ ಮೇಲೆ ನಿಧಾನವಾಗಿ ಹೋಗುತ್ತ ಎರಡೂ ಬ್ರೇಕನ್ನು ಮೆಲ್ಲಗೆ ಹಿಡಿದು ಬಿಟ್ಟು ಒಣಗಿಸಿಕೊಳ್ಳಬೇಕು. ನೀರು ಹೊಕ್ಕ ಡ್ರಮ್ಮು ಹಿಡಿಯುವುದಿಲ್ಲ.

ಜೇಬಿನಲ್ಲಿಡುವ ಪಟ್ಟಿ

ಗಾಡಿ ನೋಡಲು ಹೊರಟ ಸದಸ್ಯರು ಈ ಪಟ್ಟಿಯನ್ನು ಕತ್ತರಿಸಿ ಜೊತೆಗಿಟ್ಟುಕೊಳ್ಳಬಹುದು.

1. ಮೂಲ ಆರ್.ಸಿ. ಇದೆಯೇ? ಎರಡೂ ನಂಬರು ಹೊಂದುತ್ತವೆಯೇ?
2. ನೋಂದಣಿಯ ಅವಧಿ, ವಿಮೆ, ಸಾಲ, ದಂಡದ ಬಾಕಿ ನೋಡಿದ್ದಾಯಿತೇ?
3. ಮಾರುವವರೇ ಆರ್.ಸಿ.ಯಲ್ಲಿರುವ ಮಾಲೀಕರೇ?
4. ಚಾಸಿಸ್ ನೇರವಿದೆಯೇ? ತುಕ್ಕು, ಹೊಸ ಬೆಸುಗೆ ಇದೆಯೇ?
5. ಬ್ರೇಕು, ಟಯರು, ಕಡ್ಡಿ, ಕೋನ್ ಸೆಟ್ ನೋಡಿದಿರಾ?
6. ತಣ್ಣನೆಯ ಇಂಜಿನ್ ಸ್ಟಾರ್ಟ್ ಮಾಡಿ ಹೊಗೆ ನೋಡಿದಿರಾ?
7. ಓಡಿಸುವವರ ಎರಡೂ ಪಾದ ನೆಲಕ್ಕೆ ಊರುತ್ತವೆಯೇ?
8. ಮೂರರಲ್ಲಿ ಒಂದು ಪಾಲು ಹಣ ಕೈಯಲ್ಲಿ ಉಳಿದಿದೆಯೇ?

ಮೊದಲ ಮೂರರಲ್ಲಿ ಒಂದಕ್ಕೆ ತೃಪ್ತಿಯಾಗದಿದ್ದರೂ, ಅಥವಾ ನಾಲ್ಕನೆಯದರಲ್ಲಿ ದೋಷ ಕಂಡರೂ, ಚೌಕಾಸಿ ಮಾಡದೆ ಹಿಂದಿರುಗಿ. ಐದು, ಆರರಲ್ಲಿ ಕೊರತೆ ಕಂಡರೆ ಅದರ ಖರ್ಚನ್ನು ಬೆಲೆಯಲ್ಲಿ ಕಳೆಯಿರಿ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ಇಂಥ ವ್ಯಾಪಾರಕ್ಕೇ ಹುಟ್ಟಿದಂತಿದೆ. ಈ ವಾರ ಸಿಗದ ಗಾಡಿ ಮುಂದಿನ ವಾರ ಸಿಕ್ಕೀತು. ಸಂಜೆ ಮನೆಗೆ ಸುಖವಾಗಿ ಬಂದು ಸೇರುವ ಗಾಡಿಯೇ ಒಳ್ಳೆಯ ಗಾಡಿ.